ರಾತ್ರಿ ಹೊಲಕ್ಕೆ ಬಂದ ಹಂದಿಗೆ ಗುಂಡು ಹೊಡೆಯಬಹುದೇ?

ಆತ್ಮೀಯರೇ,

ತೆನೆ ಕಟ್ಟಿದ್ದ ಮೆಕ್ಕೆಜೋಳಕ್ಕೆ ಕಾಡುಹಂದಿಗಳು ನುಗ್ಗಿ ರಾತ್ರಿ ಬೆಳಗಾಗುವುದರೊಳಗೆ ಅರ್ಧ ಹೊಲ ಮಲಗಿಸಿದ್ದನ್ನು ಬರೆದಿದ್ದೀರಿ. ಕೊನೆಗೆ ಕೇಳಿದ್ದೀರಿ: “ಜಮೀನು ನನ್ನದು, ಬೆಳೆ ನನ್ನದು, ಕೋವಿಗೆ ಲೈಸೆನ್ಸೂ ಇದೆ. ಹೊಡೆದರೆ ತಪ್ಪೇನು? ಚಿರತೆ ಬಂದರೂ ಸುಮ್ನೆ ಕೂತಿರಬೇಕಾ? ಬೇರೆ ರಾಜ್ಯಗಳಲ್ಲಿ ಬಿಟ್ಟಿದ್ದಾರಲ್ಲ?”

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸಾಲ ಮಾಡಿ ಬಿತ್ತಿದವರ ಹೊಟ್ಟೆಯುರಿ ನಮಗೂ ಅರ್ಥವಾಗುತ್ತದೆ. ಆದರೂ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ಹಗಲಲ್ಲೂ ಇಲ್ಲ, ರಾತ್ರಿಯಲ್ಲೂ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಜಮೀನು ಯಾರದ್ದು ಎಂಬುದು ಮುಖ್ಯವಲ್ಲ. ಉರುಳು ಹಾಕುವುದು, ವಿಷ ಇಡುವುದು, ಹೊಡೆಯಲು ಪ್ರಯತ್ನಿಸುವುದು ಎಲ್ಲವೂ ಅದರ ಲೆಕ್ಕದಲ್ಲಿ ಬೇಟೆಯೇ. ನಿಮ್ಮ ಕೋವಿಯ ಲೈಸೆನ್ಸ್ ಬಂದಿರುವುದು ಶಸ್ತ್ರಾಸ್ತ್ರ ಕಾಯ್ದೆಯಿಂದ. ಅದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ.

ದಾರಿ ಇರುವುದು 11ನೇ ಸೆಕ್ಷನ್‌ನಲ್ಲಿ. ಆ ಕಾಯ್ದೆ ಪ್ರಾಣಿಗಳನ್ನು ರಕ್ಷಣೆಯ ಮಟ್ಟಕ್ಕೆ ತಕ್ಕಂತೆ ಪಟ್ಟಿ ಮಾಡಿದೆ, ಕಾಡುಹಂದಿ ಈಗ ಎರಡನೇ ಪಟ್ಟಿಯಲ್ಲಿದೆ. ಬೆಳೆದು ನಿಂತ ಪೈರಿಗೆ ಅದರಿಂದ ಅಪಾಯವಿದೆ ಅಂತ ಖಾತ್ರಿಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಬಾಯಿಮಾತಿನ ಒಪ್ಪಿಗೆ ನಡೆಯುವುದಿಲ್ಲ. ಹೊಡೆದ ಹಂದಿ ಸರ್ಕಾರದ ಸ್ವತ್ತು, ಪಾಲು ಹಂಚಿಕೊಳ್ಳುವ ಹಾಗಿಲ್ಲ.

ಚಿರತೆ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಪಟ್ಟಿಯ ಪ್ರಾಣಿ. ಕರು ಹಿಡಿಯಿತು ಎಂಬ ಕಾರಣಕ್ಕೆ ಅನುಮತಿ ಸಿಗುವುದಿಲ್ಲ. ಅದು ಮನುಷ್ಯರ ಪ್ರಾಣಕ್ಕೇ ಅಪಾಯವಾಗಿರಬೇಕು, ಹಿಡಿದು ಸಾಗಿಸುವುದು ಸಾಧ್ಯವೇ ಇಲ್ಲ ಎಂಬುದೂ ಖಾತ್ರಿಯಾಗಬೇಕು. ಮೈಮೇಲೆ ಎರಗಿದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಈ ರಿಯಾಯಿತಿ ಪ್ರಾಣಕ್ಕೆ ಮಾತ್ರ, ಪೈರಿಗಿಲ್ಲ.

ಬೇರೆ ರಾಜ್ಯಗಳ ಮಾತು ನಿಜ. ಬಿಹಾರದಲ್ಲಿ ನೀಲಗಾಯ್ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ 2015-16ರಲ್ಲಿ ಉಪದ್ರವಿ, ಅಂದರೆ ಕಾಯ್ದೆಯ ರಕ್ಷಣೆ ಇಲ್ಲದ ಪ್ರಾಣಿ, ಎಂದು ಘೋಷಣೆಯಾಗಿದ್ದವು. ಆದರೆ ಅದು ಕೇಂದ್ರ ಸರ್ಕಾರ ಹೊರಡಿಸಿದ ಆದೇಶ. ಇಂಥದ್ದೇ ಜಾಗ, ಇಷ್ಟೇ ಅವಧಿ ಅಂತ ಅದಕ್ಕೆ ಮಿತಿ ಇರುತ್ತದೆ. ಅದನ್ನು ತೋರಿಸಿ ನೀವಿಲ್ಲಿ ಗುಂಡು ಹೊಡೆಯಲು ಬರುವುದಿಲ್ಲ.

ನಮಗೆ ಜಾಸ್ತಿ ಭಯವಾದದ್ದು ನಿಮ್ಮ ಇನ್ನೊಂದು ಮಾತಿಗೆ. “ಟಾರ್ಚ್ ಬಿಟ್ಟರೆ ಕಣ್ಣು ಹೊಳೆಯುತ್ತೆ, ಗುರಿ ತಪ್ಪಲ್ಲ” ಎಂದಿದ್ದೀರಿ. ಟಾರ್ಚ್ ಬೆಳಕಿಗೆ ದನ, ನಾಯಿ, ಜಿಂಕೆ, ಚಿರತೆಗಳ ಕಣ್ಣು ಹೊಳೆಯುವುದು ಅವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಒಂದು ಪದರ ಇರುವುದರಿಂದ. ಹಂದಿಗೆ ಆ ಪದರವೇ ಇಲ್ಲ. ಮನುಷ್ಯರಿಗೂ ಇಲ್ಲ. ಅಂದರೆ ಜೋಳದ ನಡುವೆ ಫಳಕ್ಕನೆ ಹೊಳೆದದ್ದು ಹಗ್ಗ ಬಿಚ್ಚಿಕೊಂಡು ಬಂದ ಪಕ್ಕದ ಮನೆಯ ಹಸು ಇರಬಹುದು. ಏನೂ ಹೊಳೆಯದೆ ಬರೀ ಸರಸರ ಸದ್ದಾದರೆ ಅದು ಹಂದಿಯೂ ಆಗಬಹುದು, ಕಂಬಳಿ ಹೊದ್ದು ಬದುವಿನ ಮೇಲೆ ಕಾವಲು ಕೂತವರೂ ಆಗಬಹುದು. ಹಂದಿ ಅಂದುಕೊಂಡು ಮನುಷ್ಯರಿಗೆ ಗುಂಡು ಬಿದ್ದ ಸುದ್ದಿಗಳನ್ನು ನೀವೂ ಓದಿರುತ್ತೀರಿ, ಅಲ್ವಾ? ಅನುಮತಿ ಸಿಕ್ಕ ಮೇಲೂ ಇದನ್ನು ಮರೆಯಬೇಡಿ. ಪ್ರಾಣಿಯ ಇಡೀ ಮೈ ಕಾಣಬೇಕು. ಅದರ ಹಿಂದೆ ಏನಿದೆ ಎಂಬುದೂ ಗೊತ್ತಿರಬೇಕು.

ಬೇಲಿಗೆ ಕರೆಂಟ್ ಕೊಡುವ ಯೋಚನೆಯನ್ನಂತೂ ದಯವಿಟ್ಟು ಬಿಟ್ಟುಬಿಡಿ. ಲೈನಿನಿಂದ ನೇರವಾಗಿ ಎಳೆದ ತಂತಿ ಮುಟ್ಟಿದವರನ್ನು ಬಿಡುವುದಿಲ್ಲ. ನೀರು ಕಟ್ಟಲು ಹೋದ ಮನೆಯವರೇ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ಸೋಲಾರ್ ಬೇಲಿ ಬೇರೆ. ಅದರಲ್ಲಿ ಕರೆಂಟ್ ಬಿಟ್ಟುಬಿಟ್ಟು ಕ್ಷಣಮಾತ್ರ ಹರಿಯುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಬುಡದಲ್ಲಿ ಕಳೆ ಬೆಳೆದು ತಂತಿಗೆ ತಾಗಿದರೆ ಮಾತ್ರ ಜೋರು ಕಡಿಮೆಯಾಗುತ್ತದೆ, ಆಗಾಗ ಸವರುತ್ತಿರಿ. ಹಂದಿಗಾದರೆ ಕೆಳಗಿನ ಎಳೆ ನೆಲಕ್ಕೆ ಹತ್ತಿರ ಇರಬೇಕು.

ನಾಳೆಯೇ ಹಾಳಾದ ಬೆಳೆಯ ಫೋಟೊ ತೆಗೆಯಿರಿ. ಹೆಜ್ಜೆ ಗುರುತು, ನೆಲ ಬಗೆದ ಜಾಗ ಕಾಣುವಂತಿರಲಿ. ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಎರಡು ಅರ್ಜಿ ಕೊಡಿ. ಒಂದು ಪರಿಹಾರಕ್ಕೆ, ಇನ್ನೊಂದು ಹಂದಿ ಹಾವಳಿ ತಡೆಯಲು ಅನುಮತಿಗೆ. ಅಕ್ಕಪಕ್ಕದ ಹೊಲದವರ ಸಹಿಯನ್ನೂ ಹಾಕಿಸಿ. ಒಬ್ಬರ ದೂರಿಗಿಂತ ಊರಿನ ದೂರಿಗೆ ತೂಕ ಜಾಸ್ತಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯದೆ ವಾಪಸ್ ಬರಬೇಡಿ.

ಕಾನೂನು ಪಾಲಿಸಿ ಅಂತ ರೈತರಿಗೆ ಹೇಳುವ ಇಲಾಖೆ ಅರ್ಜಿಯನ್ನು ಕೊಯ್ಲು ಮುಗಿಯುವವರೆಗೆ ಇಟ್ಟುಕೊಂಡು ಕೂರುವುದು ಅನ್ಯಾಯ. ಉತ್ತರ ಬರದೇ ಹೋದರೆ ಸ್ವೀಕೃತಿಯ ಪ್ರತಿ ನಮಗೆ ಕಳಿಸಿ. ಯಾಕೆ ಬರಲಿಲ್ಲ ಅಂತ ನಾವು ಕೇಳುತ್ತೇವೆ, ಅವರು ಹೇಳಿದ್ದನ್ನು ಇಲ್ಲೇ ಪ್ರಕಟಿಸುತ್ತೇವೆ.

— ಸಂಪಾದಕ