ಬಡತನ ಕಂಡರೆ ಪ್ರವಾಸಿಗರು ಆ ಊರಿಗೆ ಹೋಗುವುದಿಲ್ಲವೇ?

ಹೋಗುತ್ತಾರೆ, ಆದರೆ ಹೋಗುವ ರೀತಿ ಬದಲಾಗುತ್ತದೆ. ಕಡಿಮೆ ಕೂಲಿಯಿಂದ ಊಟ, ವಸತಿ ಅಗ್ಗವಾಗುವುದು ಸೆಳೆತ. ಕುಡಿಯುವ ನೀರು, ಆಸ್ಪತ್ರೆ, ಕಳ್ಳತನದ ಚಿಂತೆ ಹಿಂಜರಿಕೆಗೆ ಕಾರಣ.

ಕೆರಿಬಿಯನ್ ದ್ವೀಪ ಜಮೈಕಾದ ಕಡಲತೀರದ ಪ್ರವಾಸಿ ಊರು ಮಾಂಟೆಗೊ ಬೇ ನೋಡಿ. ಅಪರಾಧದ ಭಯವಿರುವ ಅನೇಕರು ಕೋಣೆ, ಊಟ, ಪಾನೀಯ ಎಲ್ಲಕ್ಕೂ ಮುಂಗಡ ಹಣ ಕಟ್ಟುವ ರೆಸಾರ್ಟ್ ಆರಿಸುತ್ತಾರೆ. ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೆ, ಮರಳುವಾಗಲೂ ಹಾಗೆಯೇ. ಹೊರಗಿನ ಹೋಟೆಲು, ಟ್ಯಾಕ್ಸಿಯವರಿಗೆ ಸಿಗುವುದು ಕಡಿಮೆ. ರೆಸಾರ್ಟ್ ವಿದೇಶಿ ಒಡೆತನದ್ದಾದರೆ ಲಾಭವೂ ದೇಶ ಬಿಡುತ್ತದೆ. ಬಡತನ ಹುಟ್ಟಿಸಿದ ಭಯವೇ ಬಡತನ ನೀಗಬಹುದಾದ ಹಣವನ್ನು ಗೋಡೆಯೊಳಗೆ ಕೂಡಿಹಾಕುತ್ತದೆ. ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ನಷ್ಟ ಇದೇ.

ಇನ್ನು ಕೆಲವರು ಬಡ ಬಡಾವಣೆ ನೋಡಲೆಂದೇ ಹೋಗುತ್ತಾರೆ. ಮುಂಬೈಯ ಧಾರಾವಿಯಲ್ಲಿ ಕುಂಬಾರವಾಡ, ಚರ್ಮದ ಕೆಲಸ, ಪ್ಲಾಸ್ಟಿಕ್ ಮರುಬಳಕೆಯ ಘಟಕಗಳನ್ನು ತೋರಿಸುವ ನಡಿಗೆಗಳಿವೆ. ಬುಕ್ ಮಾಡುವ ಮುನ್ನ ಕೇಳಿ: ಮಾರ್ಗದರ್ಶಿ ಅಲ್ಲಿಯವರೇ? ಗುಂಪು ಚಿಕ್ಕದೇ? ಫೋಟೋ ನಿಷಿದ್ಧವೇ? ಶುಲ್ಕದಲ್ಲಿ ಎಷ್ಟು ಅಲ್ಲೇ ಉಳಿಯುತ್ತದೆ? ಸ್ಪಷ್ಟ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಅನಾಥಾಶ್ರಮ ಭೇಟಿ ಮಾತ್ರ ಬೇಡವೇ ಬೇಡ. ಕಾಂಬೋಡಿಯಾದಲ್ಲಿ ಅಂಥ ಆಶ್ರಮಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಪ್ರವಾಸಿಗರ ದೇಣಿಗೆ ಹೆಚ್ಚಿದಷ್ಟೂ ಮಕ್ಕಳನ್ನು ಮನೆಯಿಂದ ತಂದು ಸೇರಿಸುವ ಆಮಿಷ ಹೆಚ್ಚುತ್ತದೆ.

ಬಡ ದೇಶವೆಂದರೆ ಅಗ್ಗ ಎಂದೂ ಅಲ್ಲ: ಭೂತಾನ್ 2023ರ ಸೆಪ್ಟೆಂಬರ್‌ನಿಂದ ಹೆಚ್ಚಿನ ವಿದೇಶಿಯರಿಗೆ ರಾತ್ರಿಗೆ 100 ಡಾಲರ್ ಪ್ರವಾಸಿ ಶುಲ್ಕ ವಿಧಿಸುತ್ತಿದೆ; ಭಾರತೀಯರಿಗೆ ಅದು 1,200 ರೂಪಾಯಿ.