ಸೆಖೆಯಲ್ಲಿ ಶುಗರ್ ಸೆನ್ಸರ್ ಪಟ್ಟಿ ಬೇಗ ಕಿತ್ತು ಬರುವುದು ಯಾಕೆ?

ಮೈಯ ಸಕ್ಕರೆ ಮಟ್ಟ ನೋಡಲು ತೋಳಿಗೆ ಅಂಟಿಸಿಕೊಳ್ಳುವ, 14 ದಿನ ಕೂರಬೇಕಾದ ಸೆನ್ಸರ್ ಮಂಗಳೂರಿನ ಸೆಖೆಗೆ ವಾರದಲ್ಲೇ ಏಳುವುದಕ್ಕೆ ಮುಖ್ಯ ಕಾರಣ ಬೆವರು ಮತ್ತು ಎಣ್ಣೆ. ಈ ಪಟ್ಟಿಗಳ ಅಂಟು ಹೆಚ್ಚಾಗಿ ಅಕ್ರಿಲಿಕ್. ಅದು ಫೆವಿಕಾಲ್ ಹಾಗೆ ಒಣಗಿ ಗಟ್ಟಿಯಾಗುವುದಿಲ್ಲ. ಮೆತ್ತಗೇ ಇದ್ದು, ಒತ್ತಿದಾಗ ಚರ್ಮದ ಸಣ್ಣ ಸಣ್ಣ ಗೆರೆಗಳೊಳಗೆ ನಿಧಾನ ಹರಿಯುತ್ತದೆ. ಹಿಡಿತ ಬಲವಾಗಲು ಕೆಲವು ಗಂಟೆಯೇ ಬೇಕು. ನಡುವೆ ತೆಂಗಿನೆಣ್ಣೆಯ ಪಸೆಯೋ ಬೆವರೋ ಇದ್ದರೆ ಅಂಟು ಚರ್ಮವನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಕಿತ್ತ ಪಟ್ಟಿಯ ಮೇಲೆ ಬೂದಿಯಂಥ ಪುಡಿ ಕಾಣುತ್ತದೆ, ಅಲ್ವಾ? ಅದು ನಿಮ್ಮದೇ ಸತ್ತ ಚರ್ಮ. ಮೇಲ್ಪದರ ದಿನಾ ಉದುರುವುದರಿಂದ ಅಂಟು ಹೇಗೂ ಸಡಿಲವಾಗುತ್ತದೆ.

ಸ್ನಾನ ಮುಗಿಸಿ ತಕ್ಷಣ ಹಚ್ಚಬೇಡಿ. ಫ್ಯಾನ್ ಕೆಳಗೆ ಸುಮ್ನೆ ಸ್ವಲ್ಪ ಕೂತು, ಸ್ಪಿರಿಟ್ ಹತ್ತಿಯಿಂದ ತೋಳು ಒರೆಸಿ, ಪೂರ್ತಿ ಆರಿದ ಮೇಲೆ ಹಚ್ಚಿ. ಆಮೇಲೆ ಅಂಚನ್ನು ಬೆರಳಿನಿಂದ ಸುತ್ತಲೂ ಒತ್ತಿ.