ಎಸ್‌ಆರ್ ಗುಳಿಗಿ ಕುಟ್ಟಿ ಕೊಡಬಹುದೇನ್ರಿ?

ಪ್ರಶ್ನೆ: ನಮ್ಮ ಅಪ್ಪಗ ಶುಗರ್ ಐತ್ರಿ. ಮೆಟ್‌ಫಾರ್ಮಿನ್ ಎಸ್‌ಆರ್ ಗುಳಿಗಿ ಬರದಾರ, ದಪ್ಪ ಐತಿ, ನುಂಗಾಕ ಆಗವಲ್ದು ಅಂತ ಕುಟ್ಟಿ ನೀರಾಗ ಕಲಸಿ ಕೊಡತೀವಿ, ಲೋಳಿ ಲೋಳಿ ಆಗತೈತಿ. ಮೆಡಿಕಲ್ ಶಾಪ್‌ನವರು ಕುಟ್ಟಬ್ಯಾಡ್ರಿ ಅಂದ್ರು. ಆ ಲೋಳಿ ಏನ್ರಿ, ಕೆಮಿಕಲ್ಲಾ?
– ಓದುಗರು, ಸಿಂಧನೂರು

ಉತ್ತರ: ಮೊದಲು ಕುಟ್ಟೋದು ನಿಲ್ಲಸ್ರಿ. ಎಸ್‌ಆರ್ ಅಂದ್ರ ಸಸ್ಟೇನ್ಡ್ ರಿಲೀಸ್, ಔಷಧನ ನಿಧಾನಕ್ಕ ಬಿಡೋ ಗುಳಿಗಿ, ಹಂಗ ನಿಧಾನ ಮಾಡೋ ಸಾಮಾನೇ ಆ ಲೋಳಿ. ಬ್ಯಾಸಗ್ಯಾಗ ಶರಬತ್ತಿಗೆ ಕಾಮಕಸ್ತೂರಿ ಬೀಜ ನೆನಸತೀರಲ್ಲ, ಒಂದೊಂದು ಬೀಜದ ಸುತ್ತ ಬೆಳ್ಳಗ ಲೋಳಿ ಕಟ್ಟಿ ನಡುವ ಕರಿ ಚುಕ್ಕಿ ಉಳಿತೈತಿ, ಎಸ್‌ಆರ್ ಗುಳಿಗಿನೂ ಹೊಟ್ಟ್ಯಾಗ ಹಂಗ ಉಬ್ಬತೈತಿ, ಔಷಧ ಆ ಲೋಳಿ ದಾಟಿ ಸ್ವಲ್ಪ ಸ್ವಲ್ಪನ ತಾಸುಗಟ್ಟಲೆ ಹೊರಗ ಬರತೈತಿ. ಕುಟ್ಟಿದ್ರ ದಿನಪೂರ್ತಿದು ಒಮ್ಮಿಗೇ ಸುರದಂಗ. ಹೊಟ್ಟಿ ತೊಳಸತೈತಿ, ಭೇದಿ ಆಗತೈತಿ, ಮುಂದ ರಾತ್ರಿ ಹೊತ್ತಿಗೆ ಔಷಧ ಸಾಲಂಗಿಲ್ಲ.

ಇಂಥ ಗುಳಿಗ್ಯಾಗ ಲೋಳಿ ಕಟ್ಟಾಕ ಹೆಚ್ಚಾಗಿ ಹಾಕೋದು ಹೈಪ್ರೊಮೆಲ್ಲೋಸ್, ಕಟ್ಟಿಗಿ ಇಲ್ಲಾ ಹತ್ತಿ ನಾರಿನ ಸೆಲ್ಯುಲೋಸನ್ನ ಸ್ವಲ್ಪ ಬದಲಿಸಿ ಮಾಡಿದ್ದು. ಪೂರ್ತಿ ನೈಸರ್ಗಿಕ ಬೇಕಂದ್ರ ನಮ್ಮ ಚವಳಿಕಾಯಿ ಬೀಜದ ಗ್ವಾರ್ ಗಮ್ ಅನ್ನೋ ಅಂಟು ನೋಡ್ರಿ, ನನಗ ಇದರ ಮ್ಯಾಲ ಭಾಳ ಅಭಿಮಾನ. ಜಠರ, ಸಣ್ಣ ಕರುಳಿನ ರಸಕ್ಕ ಅದು ಜೀರ್ಣ ಆಗಂಗಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾನ ಅದನ್ನ ತಿಂದು ಒಡಿತಾವ, ಹಂಗಾಗಿ ದೊಡ್ಡ ಕರುಳಿಗೇ ಮುಟ್ಟಬೇಕಾದ ಔಷಧನ ಅದರಾಗ ಸುತ್ತಿ ಕಳಸೋ ಸಂಶೋಧನಾ ನಡದಾವ. ಸಮುದ್ರದ ಕಂದು ಪಾಚಿಯಿಂದ ತಗದ ಆಲ್ಜಿನೇಟ್ ದ್ರಾವಣನ ಕ್ಯಾಲ್ಸಿಯಂ ಬೆರೆಸಿದ ನೀರಿಗೆ ಹನಿ ಹನಿ ಬಿಟ್ರ, ಕಾದ ಎಣ್ಣ್ಯಾಗ ಬೂಂದಿ ಕಾಳು ಬಿದ್ದಂಗ ಮೆತ್ತನ್ನ ಗುಂಡು ಆಗತಾವ, ಔಷಧ ಒಳಗ ಸಿಕ್ಕೊಂತೈತಿ. ಸಿಗಡಿ ಚಿಪ್ಪಿನ ಕೈಟೋಸಾನ್‌ಗೆ ಕರುಳಿನ ಲೋಳಿಗೆ ಅಂಟೋ ಗುಣ ಐತಿ.

ಆದ್ರ ನೈಸರ್ಗಿಕ ಅಂದ್ಮ್ಯಾಲ ಬೆಳಿ ಬದಲಾದಂಗ ಅಂಟಿನ ಗಟ್ಟಿತನನೂ ಬದಲಾಗತೈತಿ, ಹುಳಿಯೋದು, ಬೂಸಲು ಬರೋದೂ ಐತಿ, ಅದಕ್ಕ ಔಷಧಕ್ಕ ಹಾಕೋ ಮುಂದ ಪ್ರತಿ ಬ್ಯಾಚ್ ಟೆಸ್ಟ್ ಮಾಡಲೇಬೇಕು.

ಅಪ್ಪಾರ ಡಾಕ್ಟರ್‌ಗೆ ನುಂಗಾಕ ಆಗವಲ್ದು ಅಂತ ಬಾಯಿಬಿಟ್ಟು ಹೇಳ್ರಿ. ದಿನಕ್ಕ ಎರಡು ಮೂರು ಸಲ ತಗೊಳ್ಳೋ ಸಾದಾ ಮೆಟ್‌ಫಾರ್ಮಿನ್ ಸಣ್ಣ ಗುಳಿಗಿ ಸಿಗತಾವ, ನೀವ ಬದಲಿಸಬ್ಯಾಡ್ರಿ, ಅವರು ಬರದು ಕೊಡಲಿ. ಅಲ್ಲೀತನಕ ಇದ್ದ ಗುಳಿಗಿ ಇಡಿಯಾಗೇ ನುಂಗಲಿ. ಮುಂದ ಯಾವತ್ತರ ಸಂಡಾಸದಾಗ ಗುಳಿಗಿಯಂಥ ಮೆತ್ತನ್ನ ಗಡ್ಡಿ ಕಂಡ್ರ ಅಂಜಬ್ಯಾಡ್ರಿ, ಔಷಧ ಒಳಗ ಇಳದು ಹೋಗಿರತೈತಿ, ಬಂದಿದ್ದು ಬರೇ ಲೋಳಿ ತೊಗಟಿ.